ದಿನವೂ ನೀರು ಬೇಡುವ ವ್ಯಾನು: ಹಳೆಯ ಹಾಲಿನ ವಾಹನದ ಇಂಜಿನ್ ತಂಪಾಗಿಡುವ ಪಾಠ



ಏಪ್ರಿಲ್ ತಿಂಗಳ ಒಂದು ಬೆಳಗನ್ನು ಊಹಿಸಿಕೊಳ್ಳಿ. ಹಿರೇನಲ್ಲೂರು ಹೋಬಳಿಯ ನಾಲ್ಕೈದು ಹಳ್ಳಿಗಳ ಹಾಲನ್ನು ತುಂಬಿಕೊಂಡ ಹಳೆಯ ವ್ಯಾನೊಂದು ಶೀತಲ ಕೇಂದ್ರದ ಕಡೆಗೆ ಹೊರಟಿದೆ. ಒಳಗೆ 40 ಲೀಟರಿನ 20 ಕ್ಯಾನುಗಳಿವೆ. ಗಂಟೆ ಎಂಟೂವರೆ. ಅರ್ಧ ದಾರಿಯಲ್ಲಿ ಚಾಲಕನ ಕಾಲ ಬಳಿ ಕಾವು ಏರುತ್ತದೆ, ಇಂಜಿನ್ ಮುಚ್ಚಳದ ಸಂದಿನಿಂದ ಹಬೆ ಏಳುತ್ತದೆ, ವ್ಯಾನು ರಸ್ತೆಯ ಬದಿಗೆ ನಿಲ್ಲುತ್ತದೆ. ಹತ್ತಿರದಲ್ಲಿ ನೆರಳಿಲ್ಲ, ನೀರಿಲ್ಲ. ಹಿಂದಿನ ಸಂಘದವರು ಹಾಲು ಅಳೆದು ಕೊಟ್ಟಾಗಿದೆ. ಮುಂದಿನ ಸಂಘದವರು ಕ್ಯಾನು ಜೋಡಿಸಿಕೊಂಡು ಕಾಯುತ್ತಿದ್ದಾರೆ.

ಈ ವ್ಯಾನಿನಲ್ಲಿರುವುದು 800 ಲೀಟರ್ ಹಾಲು. ಲೀಟರಿಗೆ 35 ರೂಪಾಯಿ ಎಂದು ಲೆಕ್ಕ ಹಿಡಿದರೂ 28,000 ರೂಪಾಯಿ. ಅದು ಒಬ್ಬರ ಹಣವಲ್ಲ. ಎರಡು ಲೀಟರ್ ಹಾಕುವ ಒಂಟಿ ಹೆಂಗಸಿನಿಂದ ಹಿಡಿದು ಇಪ್ಪತ್ತು ಲೀಟರ್ ಹಾಕುವ ರೈತನವರೆಗೆ ನೂರಾರು ಮನೆಗಳ ಒಂದು ಹೊತ್ತಿನ ದುಡಿಮೆ. ಅದು ಹುಳಿಯಾಗಿ ಹಿಂದಕ್ಕೆ ಬಂದರೆ ಕಾರಣ ಬಹುಪಾಲು ಒಂದು ಹರಿದ ರಬ್ಬರ್ ಪೈಪು, ಸಡಿಲ ಬೆಲ್ಟು ಅಥವಾ ಕೆಲಸ ಮಾಡದ ಒಂದು ಮುಚ್ಚಳ.

ಊರೂರಿನಲ್ಲಿ ಬಲ್ಕ್ ಮಿಲ್ಕ್ ಕೂಲರ್‌ಗಳು ಬಂದ ಮೇಲೆ ಕ್ಯಾನಿನ ಸಾಗಣೆ ಕಡಿಮೆಯಾಗಿದೆ ನಿಜ. ಆದರೆ ಕೂಲರ್ ಇಲ್ಲದ ಊರಿನ ಹಾಲು ಕೂಲರ್ ಇರುವ ಊರಿಗೆ ಮುಟ್ಟಬೇಕಾದರೆ ಅದನ್ನು ಹೊರುವುದು ಇಂಥ ಹಳೆಯ ವ್ಯಾನುಗಳೇ. ಹಾಲು ಇಳಿಸಿದ ಮೇಲೆ ಅದೇ ವ್ಯಾನು ಪಶು ಆಹಾರ, ತೆಂಗಿನಕಾಯಿ, ಅಜ್ಜಂಪುರದ ಕಡೆಯ ಈರುಳ್ಳಿ ಹೊರುತ್ತದೆ. ಆದ್ದರಿಂದ ಈ ಪಾಠ ಚಾಲಕರಿಗೆ, ವ್ಯಾನಿನ ಮಾಲೀಕರಿಗೆ, ಹಾಗೂ ಸಾಗಣೆಯ ಕರಾರು ಮಾಡಿಕೊಳ್ಳುವ ಸಂಘದ ಕಾರ್ಯದರ್ಶಿಗಳಿಗೆ.

ಹಾಲಿಗೆ ಎಷ್ಟು ಸಮಯವಿದೆ?

ಕೆಚ್ಚಲಿನಿಂದ ಹೊರಬರುವ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ. ಹೊಸದಾಗಿ ಕರೆದ ಹಾಲಿಗೆ ಒಂದೆರಡು ಗಂಟೆ ಕಾಲ ಸೂಕ್ಷ್ಮಾಣುಗಳನ್ನು ತಡೆಯುವ ಸ್ವಾಭಾವಿಕ ಶಕ್ತಿ ಇರುತ್ತದೆ. ಆ ಶಕ್ತಿ ಕುಂದಿದ ಮೇಲೆ ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಎರಡರಷ್ಟು ಆಗಬಲ್ಲವು. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂರು ಗಂಟೆಯಲ್ಲಿ ಒಂದಕ್ಕೆ ಅರವತ್ತನಾಲ್ಕು. ಹಾಲು 4 ಡಿಗ್ರಿಗೆ ಇಳಿದರೆ ಈ ಓಟ ಬಹಳ ನಿಧಾನವಾಗುತ್ತದೆ. ವ್ಯಾನು ರಸ್ತೆಯಲ್ಲಿ ನಿಂತ ಒಂದು ಗಂಟೆ ಈ ಲೆಕ್ಕದಲ್ಲಿ ಬಹು ದೊಡ್ಡ ಗಂಟೆ. ಹಾಲನ್ನು ತಂಪಾಗಿಡುವ ಕೆಲಸ ವ್ಯಾನಿನ ಇಂಜಿನ್ನನ್ನು ತಂಪಾಗಿಡುವುದರಿಂದಲೇ ಶುರುವಾಗುತ್ತದೆ ಎಂದು ಹೇಳುವುದು ಇದಕ್ಕಾಗಿ.

ಇಂಜಿನ್ ತಂಪಾಗುವ ಬಗೆ

ಉರಿದ ಡೀಸೆಲ್ಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸಲು ಸಿಗುತ್ತದೆ. ಇನ್ನೊಂದು ಪಾಲು ಹೊಗೆಕೊಳವೆಯಲ್ಲಿ ಹೋಗುತ್ತದೆ. ಉಳಿದ ಕಾವನ್ನು ಹೆಚ್ಚಾಗಿ ನೀರು ಹೊರಬೇಕು. ಈ ಕೆಲಸದಲ್ಲಿ ಆರು ಭಾಗಗಳು ಪಾಲುಗೊಳ್ಳುತ್ತವೆ.

1) ವಾಟರ್ ಪಂಪು. ಇದು ಇಂಜಿನ್ ಬ್ಲಾಕಿನ ಸುತ್ತ ನೀರನ್ನು ಓಡಿಸುತ್ತದೆ.

2) ಥರ್ಮೋಸ್ಟಾಟ್. ಇದು ಬಾಗಿಲು ಕಾಯುವವನಿದ್ದಂತೆ. ಇಂಜಿನ್ ತಣ್ಣಗಿರುವಾಗ ರೇಡಿಯೇಟರಿನ ದಾರಿ ಮುಚ್ಚಿರುತ್ತದೆ. ನೀರು 80 ಡಿಗ್ರಿಯ ಆಸುಪಾಸಿಗೆ ಕಾದಾಗ ದಾರಿ ತೆರೆಯುತ್ತದೆ.

3) ರೇಡಿಯೇಟರ್. ಸಣ್ಣ ಚಪ್ಪಟೆ ಕೊಳವೆಗಳಲ್ಲಿ ನೀರು ಇಳಿಯುವಾಗ ಅವುಗಳಿಗೆ ಅಂಟಿದ ತೆಳು ರೆಕ್ಕೆಗಳ ಮೂಲಕ ಕಾವು ಗಾಳಿಗೆ ಹೋಗುತ್ತದೆ.

4) ಫ್ಯಾನು ಮತ್ತು ಬೆಲ್ಟು. ವ್ಯಾನು ನಿಧಾನವಾಗಿ ಹೋಗುವಾಗ, ನಿಂತಾಗ ಗಾಳಿ ಎಳೆಯುವುದು ಇವೇ.

5) ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳು, ಅವುಗಳ ಕ್ಲಿಪ್ಪುಗಳು.

6) ರೇಡಿಯೇಟರಿನ ಮುಚ್ಚಳ. ನೋಡಲು ಸಣ್ಣದು, ಕೆಲಸ ದೊಡ್ಡದು.

ಮುಚ್ಚಳದ ಕೆಲಸವನ್ನು ತಿಳಿಯಲು ಮನೆಯ ಪ್ರೆಷರ್ ಕುಕ್ಕರನ್ನು ನೆನಪಿಸಿಕೊಳ್ಳಿ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರ ಹೋದಂತೆ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಈ ಮಿತಿ ಇಳಿಯುತ್ತದೆ. ಕಡೂರು ಸುಮಾರು 760 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ನಮ್ಮಲ್ಲಿ ತೆರೆದ ಪಾತ್ರೆಯ ನೀರು ಸುಮಾರು ತೊಂಬತ್ತೇಳೂವರೆ ಡಿಗ್ರಿಗೇ ಕುದಿಯುತ್ತದೆ. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಕಡೆಗೆ ಏರಿದರೆ ಇನ್ನೂ ಬೇಗ ಕುದಿಯುತ್ತದೆ. ಏರಿನಲ್ಲಿ ಇಂಜಿನ್ನಿನ ಕಾವು ಹೆಚ್ಚು, ನೀರಿನ ತಾಳ್ಮೆ ಕಡಿಮೆ. ಸರಿಯಾದ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ಕುದಿಯುವ ಮಿತಿಯನ್ನು ಮೇಲಕ್ಕೆ ಒಯ್ಯುತ್ತದೆ. 0.9 ಎಂದು ಗುರುತಿರುವ ಮುಚ್ಚಳವಾದರೆ ನಮ್ಮ ಎತ್ತರದಲ್ಲಿಯೂ 115 ಡಿಗ್ರಿ ದಾಟುವವರೆಗೆ ನೀರು ಕುದಿಯದು. ಮುಚ್ಚಳದ ರಬ್ಬರ್ ಒಡೆದಿದ್ದರೆ ಈ ಲಾಭವೆಲ್ಲ ಹೋಯಿತು. ಆಗ ನೀರು ಹಬೆಯಾಗಿ ಹೋಗುತ್ತದೆ, ಚಾಲಕ ಮತ್ತೆ ನೀರು ಸುರಿಯುತ್ತಾನೆ. ಈ ಮತ್ತೆ ಮತ್ತೆ ಸುರಿಯುವುದೇ ನಮ್ಮ ಭಾಗದ ವ್ಯಾನುಗಳ ದೊಡ್ಡ ರೋಗ.

ಒಂದು ಚೊಂಬು ನೀರಿನ ಲೆಕ್ಕ

"ಹಳೇ ಗಾಡಿ ಸ್ವಾಮಿ, ದಿನಾ ಒಂದು ಚೊಂಬು ನೀರು ಕುಡಿಯುತ್ತೆ" ಎಂದು ಹೇಳುವ ಚಾಲಕರು ಬಹಳ ಮಂದಿ. ಇದನ್ನು ವಯಸ್ಸಿನ ಗುಣವೆಂದು ಒಪ್ಪಿಕೊಂಡುಬಿಡುತ್ತಾರೆ. ಇದು ತಪ್ಪು. ಮುಚ್ಚಿದ ವ್ಯವಸ್ಥೆಯಲ್ಲಿ ಸುತ್ತುವ ನೀರು ತನ್ನಷ್ಟಕ್ಕೆ ಖರ್ಚಾಗುವುದಿಲ್ಲ. ನೀರು ಕಡಿಮೆಯಾಗುತ್ತಿದ್ದರೆ ಅದು ಎಲ್ಲಿಯೋ ಸೋರುತ್ತಿದೆ, ಹಬೆಯಾಗುತ್ತಿದೆ, ಇಲ್ಲವೇ ಇಂಜಿನ್ನಿನ ಒಳಗೆ ಸುಡುತ್ತಿದೆ.

ಆ ಚೊಂಬಿನ ನೀರು ಎಲ್ಲಿಯದು? ಹೆಚ್ಚಿನ ಕಡೆ ಕೊಳವೆ ಬಾವಿಯದು. ಕಡೂರು, ಅಜ್ಜಂಪುರದ ಬಯಲು ಭಾಗದ ಆಳದ ಬಾವಿಗಳಲ್ಲಿ ಗಡಸು ನೀರು ಸಾಮಾನ್ಯ. ಸ್ನಾನದ ಹಂಡೆಯ ತಳದಲ್ಲಿ ಕೂರುವ ಬಿಳಿ ಹಕ್ಕಳೆಯನ್ನು ಎಲ್ಲರೂ ನೋಡಿದ್ದೇವೆ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಕಾದಾಗ ಬೇರೆಯಾಗಿ ಬಿಸಿಯಾದ ಲೋಹಕ್ಕೆ ಅಂಟುತ್ತದೆ. ಸರಿಯಾಗಿ ತೊಳೆಯದ ಕ್ಯಾನಿನಲ್ಲಿ ಹಾಲುಗಲ್ಲು ಕಟ್ಟುವುದನ್ನು ಬಲ್ಲ ನಮ್ಮ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಲೆಕ್ಕ ಹಾಕೋಣ. ಬೇರೆ ನೀರು ಸಿಗದ ಕಡೆ ಕುಡಿಯುವ ನೀರಿನಲ್ಲಿ ಲೀಟರಿಗೆ 600 ಮಿಲಿಗ್ರಾಂ ವರೆಗಿನ ಗಡಸುತನಕ್ಕೆ ಭಾರತೀಯ ಮಾನಕ ಅವಕಾಶ ಕೊಡುತ್ತದೆ. ನಿಮ್ಮ ನೀರು ಅದಕ್ಕಿಂತ ಕಡಿಮೆ, 500 ಮಿಲಿಗ್ರಾಂ ಎಂದೇ ಇಟ್ಟುಕೊಳ್ಳಿ. ದಿನಕ್ಕೆ ಒಂದು ಲೀಟರ್ ಸುರಿದರೆ ಅರ್ಧ ಗ್ರಾಂ. ವರ್ಷಕ್ಕೆ ಸುಮಾರು 180 ಗ್ರಾಂ. ಅದರಲ್ಲಿ ಅರ್ಧ ಮಾತ್ರ ಒಳಗೆ ಅಂಟಿಕೊಂಡರೂ 90 ಗ್ರಾಂ ಸುಣ್ಣ. ರೇಡಿಯೇಟರಿನ ಕೊಳವೆಯ ಬಾಯಿ ಎಷ್ಟು ಕಿರಿದೆಂದು ಒಮ್ಮೆ ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ. ಸುಣ್ಣದ ಪದರ ಕಾವನ್ನು ಬಿಟ್ಟುಕೊಡುವುದಿಲ್ಲ. ಇಂಜಿನ್ ಇನ್ನಷ್ಟು ಕಾಯುತ್ತದೆ, ಇನ್ನಷ್ಟು ನೀರು ಹಬೆಯಾಗುತ್ತದೆ, ಇನ್ನೊಂದು ಚೊಂಬು ಬೀಳುತ್ತದೆ. ನೀರು ಸುರಿಯುವುದು ಔಷಧಿಯೆಂದು ತಿಳಿದು ರೋಗವನ್ನೇ ಬೆಳೆಸಿದಂತಾಯಿತು.

ಆದ್ದರಿಂದ ಮೊದಲ ಕೆಲಸವಾಗಿ ವ್ಯಾನಿನಲ್ಲಿ ಒಂದು ಸಣ್ಣ ನೋಟ್ ಪುಸ್ತಕ ಇಡಿ. ದಿನಾಂಕ, ಓಡಿದ ಕಿಲೋಮೀಟರ್, ಹಾಕಿದ ನೀರು, ಇಷ್ಟು ಬರೆದರೆ ಸಾಕು. ಹಾಲಿನ ಲೆಕ್ಕವನ್ನು ಮಿಲಿಲೀಟರ್ ಬಿಡದೆ ಬರೆಯುವ ನಾವು ನೀರಿನ ಲೆಕ್ಕವನ್ನೂ ಬರೆಯಬಹುದು. ವಾರದಲ್ಲಿ ಎರಡು ಸಲ ನೀರು ಬೇಕಾಯಿತೆಂದರೆ ಸೋರುವ ಜಾಗ ಹುಡುಕಲೇಬೇಕು.

ಸೋರುವ ಜಾಗ ಹುಡುಕುವ ಕ್ರಮ

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ನೋಡಬೇಕು. ರಾತ್ರಿ ವ್ಯಾನಿನ ಕೆಳಗೆ ಒಂದು ಹಳೆಯ ರಟ್ಟನ್ನು ಹಾಸಿಟ್ಟರೆ ಬೆಳಿಗ್ಗೆ ಹನಿ ಬಿದ್ದ ಜಾಗ ಗೊತ್ತಾಗುತ್ತದೆ.

ಹೋಸ್ ಪೈಪನ್ನು ಬೆರಳಿನಿಂದ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೂ ಕೆಟ್ಟಿದೆ, ಮೆತ್ತಗೆ ಉಬ್ಬಿದ್ದರೂ ಕೆಟ್ಟಿದೆ. ಕ್ಲಿಪ್ಪಿನ ಹತ್ತಿರ ಬಿಳಿ ಅಥವಾ ಹಸಿರು ಕಲೆ ಕಂಡರೆ ಅಲ್ಲಿ ಸೋರಿಕೆ ಇದೆ. ಕೆಳಗಿನ ಹೋಸಿನ ಒಳಗೆ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಹೊಸ ಹೋಸ್ ಹಾಕುವಾಗ ಆ ಸ್ಪ್ರಿಂಗನ್ನು ಮರೆಯದೆ ಹಾಕಬೇಕು. ಇಲ್ಲದಿದ್ದರೆ ವೇಗದಲ್ಲಿ ಪಂಪು ಎಳೆದಾಗ ಹೋಸ್ ಚಪ್ಪಟೆಯಾಗಿ ನೀರಿನ ದಾರಿ ಮುಚ್ಚುತ್ತದೆ. ನಿಂತಾಗ ಸರಿಯಿದ್ದು, ಓಡುವಾಗ ಮಾತ್ರ ಕಾಯುವ ವ್ಯಾನಿನಲ್ಲಿ ಇದನ್ನು ಮೊದಲು ನೋಡಿ.

ವಾಟರ್ ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ. ಅಲ್ಲಿಂದ ನೀರು ಹನಿಯುತ್ತಿದ್ದರೆ ಒಳಗಿನ ಸೀಲು ಹೋಗಿದೆ ಎಂದರ್ಥ. ಆ ರಂಧ್ರಕ್ಕೆ ಎಂ-ಸೀಲ್ ಮೆತ್ತಿ ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ನೀರು ಬೇರಿಂಗಿಗೆ ನುಗ್ಗಿ ಪಂಪೇ ಹಿಡಿದುಕೊಳ್ಳುತ್ತದೆ.

ಹೊರಗೆ ಎಲ್ಲೂ ಸೋರಿಕೆ ಕಾಣದೆ ನೀರು ಮಾತ್ರ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಬೇಕು. ತಣ್ಣಗಿನ ಇಂಜಿನ್ನಿನಲ್ಲಿ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದ ಕೂಡಲೇ ಬಿಡದೆ ಗುಳ್ಳೆ ಬರುವುದು, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿರುವುದು, ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು ಇದರ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಹಾಲು ಹೊರುವ ಕೆಲಸಕ್ಕೆ ಆ ವ್ಯಾನನ್ನು ಕಳಿಸಬೇಡಿ. ಮೊದಲು ಮೆಕ್ಯಾನಿಕ್ ನೋಡಲಿ.

ಇಲ್ಲಿ ಅರಿಶಿನದ ವಿಷಯ ಹೇಳಬೇಕು. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ನಮ್ಮ ಕಡೆಯ ಹಳೆಯ ಉಪಾಯ. ಪುಡಿ ಹೋಗಿ ತೂತಿನಲ್ಲಿ ಕೂರುತ್ತದೆ, ಸೋರಿಕೆ ನಿಲ್ಲುತ್ತದೆ. ಆದರೆ ತೂತು ಯಾವುದು, ಕೊಳವೆ ಯಾವುದು ಎಂದು ಅರಿಶಿನಕ್ಕೆ ಗೊತ್ತಿಲ್ಲ. ನಡುದಾರಿಯಲ್ಲಿ ಸಿಕ್ಕಿಬಿದ್ದಾಗ ಹಾಲು ಮುಟ್ಟಿಸಲು ಒಮ್ಮೆ ಮಾಡಿದರೆ ಮಾಡಿ. ಅದೇ ವಾರ ರೇಡಿಯೇಟರ್ ಬಿಚ್ಚಿ ತೊಳೆಸಿ ಬೆಸುಗೆ ಹಾಕಿಸಿ.

ಒಳಗಿನ ಸುಣ್ಣ ತೆಗೆಯುವುದು

ಸೋರಿಕೆ ನಿಲ್ಲಿಸಿದ ಮೇಲೆ ಒಳಗೆ ಕಟ್ಟಿದ ಹಕ್ಕಳೆಯನ್ನು ತೆಗೆಯಬೇಕು. ಹಳೆಯ ನೀರನ್ನು ತಣ್ಣಗಿರುವಾಗ ಪೂರ್ತಿ ಇಳಿಸಿ. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಸಿಟ್ರಿಕ್ ಆಮ್ಲದ ಪುಡಿ ಕರಗಿಸಿ ತುಂಬಿ. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆ ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿ. ಪೂರ್ತಿ ಆರಿದ ಮೇಲೆ ಇಳಿಸಿ. ಬರುವ ನೀರು ಕೆಂಪು ಮಣ್ಣಿನ ಬಣ್ಣದ್ದಾಗಿರುತ್ತದೆ. ನಂತರ ಶುದ್ಧ ನೀರು ತುಂಬಿ, ಓಡಿಸಿ, ಇಳಿಸಿ. ತಿಳಿನೀರು ಬರುವವರೆಗೆ ಎರಡು ಮೂರು ಸಲ ಹೀಗೆ ಮಾಡಿ. ಆಮ್ಲ ಒಳಗೆ ಉಳಿಯಬಾರದು.

ಕ್ಯಾನು ತೊಳೆಯುವ ಸೋಡಾ ಪುಡಿಯನ್ನೋ ಕಾಸ್ಟಿಕ್ ಸೋಡವನ್ನೋ ರೇಡಿಯೇಟರಿಗೆ ಎಂದೂ ಹಾಕಬೇಡಿ. ಇಂಜಿನ್ನಿನ ಅಲ್ಯೂಮಿನಿಯಂ ಭಾಗಗಳನ್ನು ಅದು ತಿನ್ನುತ್ತದೆ. ಇನ್ನೊಂದು ಮಾತು: ತೊಳೆದ ಮೇಲೆ ರೇಡಿಯೇಟರ್ ಸೋರಲು ಶುರುವಾದರೆ ತೊಳೆದದ್ದು ತಪ್ಪಾಯಿತೆಂದು ತಿಳಿಯಬೇಡಿ. ಇಷ್ಟು ದಿನ ಸುಣ್ಣವೇ ತೂತನ್ನು ಮುಚ್ಚಿಕೊಂಡಿತ್ತು, ಅಷ್ಟೇ.

ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರಿನಲ್ಲಿ ಒಂದು ಅನುಕೂಲವಿದೆ. ಮೇಲಿನ ಟ್ಯಾಂಕು ಬಿಚ್ಚಿ, ಕೊಳವೆಗಳೊಳಗೆ ಪಟ್ಟಿ ಹಾಯಿಸಿ ಕೆರೆದು, ಮತ್ತೆ ಬೆಸುಗೆ ಹಾಕಬಹುದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿನಲ್ಲಿ ಈ ಕೆಲಸ ಕಷ್ಟ, ಹೆಚ್ಚಾಗಿ ಬದಲಾಯಿಸುವುದೇ ದಾರಿ. ಆದ್ದರಿಂದ ಹಳೆಯದನ್ನು ಗುಜರಿಗೆ ಹಾಕುವ ಮುನ್ನ ರೇಡಿಯೇಟರ್ ಕೆಲಸದವರಿಗೆ ಒಮ್ಮೆ ತೋರಿಸಿ.

ಹೊರಗಿನ ಮುಖವನ್ನೂ ಮರೆಯಬೇಡಿ. ಹುಲ್ಲಿನ ಪುಡಿ, ತೆಂಗಿನ ನಾರು, ಈರುಳ್ಳಿ ಸಿಪ್ಪೆ, ರಸ್ತೆಯ ದೂಳು ರೆಕ್ಕೆಗಳ ಸಂದಿನಲ್ಲಿ ಸೇರಿ ಗಾಳಿಯನ್ನು ತಡೆಯುತ್ತವೆ. ತಿಂಗಳಿಗೊಮ್ಮೆ ಇಂಜಿನ್ನಿನ ಕಡೆಯಿಂದ ಹೊರಕ್ಕೆ, ನಿಧಾನದ ನೀರಿನಲ್ಲಿ ತೊಳೆಯಿರಿ. ಸರ್ವೀಸ್ ಸ್ಟೇಷನ್ನಿನ ಜೋರು ನೀರನ್ನು ಹತ್ತಿರದಿಂದ ಬಿಟ್ಟರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ನೀರಿನ ಬದಲು ಏನು?

ಬರೀ ನೀರಿನ ಬದಲು ಕೂಲೆಂಟ್ ಹಾಕಬೇಕು. "ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಏಕೆ?" ಎಂದು ಕೇಳುವವರಿದ್ದಾರೆ. ನಮಗೆ ಅದರ ಮುಖ್ಯ ಉಪಯೋಗ ತುಕ್ಕು ತಡೆಯುವುದು. ಕುದಿಯುವ ಮಿತಿಯನ್ನೂ ಅದು ಏರಿಸುತ್ತದೆ. ಅರ್ಧಕ್ಕೆ ಅರ್ಧ ಬೆರೆಸಿದರೆ ಸುಮಾರು 7 ಡಿಗ್ರಿಯಷ್ಟು ಲಾಭ.

ಆದರೆ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಕಾವನ್ನು ಹೊರುವ ಶಕ್ತಿಯಲ್ಲಿ ನೀರೇ ಮೇಲು. ಗಟ್ಟಿ ಕೂಲೆಂಟನ್ನು ನೀರು ಬೆರೆಸದೆ ಸುರಿದರೆ ಇಂಜಿನ್ ಹೆಚ್ಚು ಕಾಯುತ್ತದೆ. ಡಬ್ಬಿಯ ಮೇಲೆ ಮತ್ತು ವಾಹನದ ಕೈಪಿಡಿಯಲ್ಲಿ ಹೇಳಿದ ಪ್ರಮಾಣವನ್ನೇ ಅನುಸರಿಸಿ. ಬೆರೆಸಿದ್ದೇ ಸಿಗುವ ಡಬ್ಬಿಗೆ ಮತ್ತೆ ನೀರು ಬೆರೆಸಬೇಡಿ. ಒಂದು ಬಗೆಯ ಕೂಲೆಂಟಿಗೆ ಇನ್ನೊಂದು ಬಗೆಯದನ್ನು ಸೇರಿಸಬೇಡಿ, ತುಕ್ಕು ತಡೆಯುವ ಗುಣ ಕುಂದುತ್ತದೆ. ಹಸಿರು ಬಣ್ಣದ ಸಾಮಾನ್ಯ ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಬೆರೆಸಲು ಬ್ಯಾಟರಿಗೆ ಹಾಕುವ ಶುದ್ಧ ನೀರು ಉತ್ತಮ. ಅದು ಸಿಗದಿದ್ದರೆ ಶುದ್ಧೀಕರಣ ಘಟಕದ ನೀರು, ಅದೂ ಇಲ್ಲದಿದ್ದರೆ ಶುಭ್ರವಾದ ಮಾಡಿನಿಂದ ಹಿಡಿದು ಸೋಸಿದ ಮಳೆನೀರು. ಇದರ ಐದು ಲೀಟರಿನ ಒಂದು ಕ್ಯಾನು ಸದಾ ವ್ಯಾನಿನಲ್ಲಿರಲಿ. ಆಗ ದಾರಿಯಲ್ಲಿ ಕೊಳವೆ ಬಾವಿಯ ನೀರನ್ನು ಹುಡುಕಬೇಕಾಗಿಲ್ಲ.

ಹೈನುಗಾರರಿಗೆ ವಿಶೇಷ ಎಚ್ಚರಿಕೆ

ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ನಾಯಿ, ಕರು, ಮಕ್ಕಳು ಸಿಹಿಗೆ ಮರುಳಾಗಿ ಕುಡಿಯುವ ಅಪಾಯವಿದೆ. ಆದ್ದರಿಂದ,

ಹಳೆಯ ಕೂಲೆಂಟನ್ನು ಕೊಟ್ಟಿಗೆಯ ಹತ್ತಿರ, ಬಾನಿಯ ಹತ್ತಿರ, ಕೆರೆಕಟ್ಟೆಯ ಬದಿಯಲ್ಲಿ ಇಳಿಸಬೇಡಿ. ಡಬ್ಬಿಯಲ್ಲಿ ಹಿಡಿದು ಮುಚ್ಚಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನವರನ್ನು ವಿಚಾರಿಸಿ ಅಲ್ಲಿಗೆ ಕೊಡಿ.

ಹಾಲಿನ ಕ್ಯಾನು, ಅಳತೆಯ ಲೀಟರು, ದನಕ್ಕೆ ಕಲಗಚ್ಚು ಹಾಕುವ ಬಕೆಟ್, ಇವುಗಳಲ್ಲಿ ಯಾವುದನ್ನೂ ಕೂಲೆಂಟಿಗೆ ಬಳಸಬೇಡಿ. ಅದಕ್ಕೆ ಬೇರೆ ಬಣ್ಣದ ಒಂದು ಡಬ್ಬಿ ಇರಲಿ, ಮೇಲೆ "ವಿಷ" ಎಂದು ಬರೆದಿರಲಿ.

ಪ್ರಾಣಿಯೋ ಮಗುವೋ ಕುಡಿದದ್ದು ಗೊತ್ತಾದರೆ ಲಕ್ಷಣ ಕಾಣುವವರೆಗೆ ಕಾಯದೆ ತಕ್ಷಣ ವೈದ್ಯರ ಬಳಿಗೆ ಒಯ್ಯಿರಿ.

ಥರ್ಮೋಸ್ಟಾಟ್ ತೆಗೆದುಹಾಕುವ ತಪ್ಪು

ವ್ಯಾನು ಕಾಯುತ್ತದೆಂದು ಹೇಳಿದ ಕೂಡಲೇ ಥರ್ಮೋಸ್ಟಾಟನ್ನು ತೆಗೆದು ಎಸೆಯುವ ಅಭ್ಯಾಸ ಬಹಳ ಕಡೆ ಇದೆ. ಇದರಿಂದ ಎರಡು ನಷ್ಟ. ಮೊದಲನೆಯದು, ಬೆಳಗಿನ ಚಳಿಯಲ್ಲಿ ಇಂಜಿನ್ ಬೇಗ ಬಿಸಿಯಾಗದೆ ಡೀಸೆಲ್ ಹೆಚ್ಚು ಸುಡುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಎರಡನೆಯದು, ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿಯನ್ನು ತೆರೆಯುವಾಗಲೇ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ತಂಪಾಗಲೆಂದು ಮಾಡಿದ್ದು ಕಾವನ್ನು ಹೆಚ್ಚಿಸುತ್ತದೆ.

ಪರೀಕ್ಷಿಸುವುದು ಸುಲಭ. ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ಹಳೆಯ ಪಾತ್ರೆಯ ನೀರಿನಲ್ಲಿ ತಳಕ್ಕೆ ತಾಗದಂತೆ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಕೊರೆದಿರುವ ಅಂಕಿಯ, ಉದಾಹರಣೆಗೆ 82ರ, ಆಸುಪಾಸಿನಲ್ಲಿ ತೆರೆಯಲು ಶುರುವಾಗಬೇಕು. ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಒಲೆಯಿಂದ ಇಳಿಸಿ ಆರಿದ ಮೇಲೆ ಪೂರ್ತಿ ಮುಚ್ಚಬೇಕು. ಇದಕ್ಕೆ ಸಂಘದ ಹಾಲಿನ ಥರ್ಮಾಮೀಟರನ್ನು ಬಳಸದೆ ಬೇರೊಂದನ್ನು ಬಳಸಿ.

ಉತ್ತಮಪಡಿಸುವ ಕ್ರಮ

ಮೇಲಿನ ಕೆಲಸಗಳೆಲ್ಲ ಮುಗಿದ ಮೇಲೆ, ಬೇಕಿದ್ದರೆ ವ್ಯವಸ್ಥೆಯನ್ನು ಸುಧಾರಿಸಬಹುದು. ಸುಣ್ಣ ಕಟ್ಟಿದ ಇಂಜಿನ್ನಿಗೆ ದೊಡ್ಡ ರೇಡಿಯೇಟರ್ ಹಾಕಿದರೆ ಹಣ ಹೋಗುತ್ತದೆ, ಕಾವು ಹೋಗುವುದಿಲ್ಲ. ಕಡಿಮೆ ಖರ್ಚಿನದರಿಂದ ಹೆಚ್ಚಿನದಕ್ಕೆ ಹೋಗುವ ಕ್ರಮ ಹೀಗಿದೆ.

ಮೊದಲನೆಯದು, ಓವರ್‌ಫ್ಲೋ ಬಾಟಲಿ. ನೀರು ಕಾದು ಹಿಗ್ಗಿದಾಗ ಹೊರಬರುವ ಪಾಲು ನೆಲಕ್ಕೆ ಬೀಳದೆ ಬಾಟಲಿಗೆ ಹೋಗುತ್ತದೆ. ಇಂಜಿನ್ ಆರಿದಾಗ ಮುಚ್ಚಳದ ಒಳಗಿನ ಸಣ್ಣ ವಾಲ್ವಿನ ಮೂಲಕ ವಾಪಸು ಬರುತ್ತದೆ. ಹಳೆಯ ಗಾಡಿಗಳಲ್ಲಿ ಈ ಬಾಟಲಿ ಇರುವುದಿಲ್ಲ, ಇದ್ದರೂ ಒಡೆದುಹೋಗಿರುತ್ತದೆ. ಅದಕ್ಕೆ ಹೊಂದುವ ಎರಡು ಸೀಲಿನ ಮುಚ್ಚಳ ಸೇರಿಸಿ ಹಾಕಿಸಿದರೆ ದಿನದ ಚೊಂಬು ನಿಂತುಹೋಗುತ್ತದೆ. ಮುಚ್ಚಳದ ಒತ್ತಡದ ಅಂಕಿ ಮಾತ್ರ ಕಂಪನಿ ಹೇಳಿದ್ದೇ ಇರಲಿ. ಹೆಚ್ಚಿನ ಒತ್ತಡದ್ದು ಹಾಕಿದರೆ ಹಳೆಯ ಬೆಸುಗೆ ಬಿಟ್ಟೀತು.

ಎರಡನೆಯದು, ಕೆಲಸ ಮಾಡುವ ಟೆಂಪರೇಚರ್ ಮೀಟರು ಮತ್ತು ಬಜರ್. ಹಾಲಿನ ಗಲಾಟೆಯಲ್ಲಿ ಚಾಲಕ ಮುಳ್ಳನ್ನು ನೋಡದಿರಬಹುದು, ಬಜರಿನ ಸದ್ದು ಕಿವಿಗೆ ಬೀಳುತ್ತದೆ. ನೀರು ಪೂರ್ತಿ ಖಾಲಿಯಾದರೆ ಸೆನ್ಸರಿಗೆ ನೀರು ತಾಗದೆ ಮೀಟರು ತಪ್ಪು ತೋರಿಸಬಹುದು. ಆದ್ದರಿಂದ ನೀರಿನ ಮಟ್ಟ ಇಳಿದಾಗ ಕೂಗುವ ಎರಡನೆಯ ಎಚ್ಚರಿಕೆಯೂ ಇದ್ದರೆ ಒಳ್ಳೆಯದು.

ಮೂರನೆಯದು, ಫ್ಯಾನಿನ ಸುತ್ತಲಿನ ಕೌಲ್. ಫ್ಯಾನು ರೇಡಿಯೇಟರಿನ ಪೂರ್ತಿ ಅಗಲದಿಂದ ಗಾಳಿ ಎಳೆಯಲು ಇದು ಬೇಕು. ಹಿಂದೆ ಯಾರೋ ರಿಪೇರಿಗೆ ಬಿಚ್ಚಿ ಮತ್ತೆ ಹಾಕದೆ ಬಿಟ್ಟ ಉದಾಹರಣೆಗಳು ಬೇಕಾದಷ್ಟು. ಅದನ್ನು ಮತ್ತೆ ಹಾಕಿಸುವುದರಿಂದಲೇ ನಿಧಾನದ ಓಟದಲ್ಲಿ ಬಹಳ ವ್ಯತ್ಯಾಸ ಕಾಣುತ್ತದೆ.

ನಾಲ್ಕನೆಯದು, ಹೊಸ ಕೋರ್. ಹಳೆಯ ಟ್ಯಾಂಕುಗಳನ್ನು ಉಳಿಸಿಕೊಂಡು ನಡುವಿನ ಕೋರ್ ಮಾತ್ರ ಬದಲಾಯಿಸಬಹುದು. ಎರಡು ಸಾಲಿನ ಕೊಳವೆ ಇದ್ದ ಕಡೆ ಮೂರು ಸಾಲಿನದು ಕೂರುವಷ್ಟು ಜಾಗವಿದೆಯೇ, ಫ್ಯಾನಿಗೆ ತಾಗುವುದಿಲ್ಲವೇ ಎಂದು ಮೊದಲು ಅಳೆಯಿರಿ.

ಐದನೆಯದು, ವಿದ್ಯುತ್ ಫ್ಯಾನು. ಇದು ಕೊನೆಯ ಮಾತು. ಇದು ಎಳೆಯುವ ಕರೆಂಟು ಹತ್ತು ಆಂಪಿಯರಿಗೂ ಹೆಚ್ಚು ಇರಬಹುದು. ಹಳೆಯ ಡೈನಮೋ ಅಥವಾ ಆಲ್ಟರ್ನೇಟರ್ ಅದನ್ನು ತಾಳುತ್ತದೆಯೇ ನೋಡಬೇಕು. ರಿಲೇ ಮತ್ತು ಫ್ಯೂಜ್ ಇಲ್ಲದೆ ನೇರ ವೈರು ಎಳೆದರೆ ಬೆಂಕಿಯ ಅಪಾಯವಿದೆ. ಬೆಲ್ಟಿನ ಫ್ಯಾನನ್ನು ತೆಗೆಯದೆ, ಅದಕ್ಕೆ ಸಹಾಯಕವಾಗಿ ಮಾತ್ರ ಇದನ್ನು ಹಾಕಿಸಿ.

ದಾರಿಯಲ್ಲಿ ಕಾದಾಗ

ಮುಳ್ಳು ಏರುತ್ತಿರುವಾಗಲೇ ವೇಗ ತಗ್ಗಿಸಿ, ನೆರಳು ನೋಡಿ ನಿಲ್ಲಿಸಿ. ಬೆಲ್ಟು ಗಟ್ಟಿಯಾಗಿದ್ದು ನೀರು ಸೋರದಿದ್ದರೆ ಒಂದೆರಡು ನಿಮಿಷ ಇಂಜಿನ್ ನಿಧಾನವಾಗಿ ಓಡಲಿ, ಫ್ಯಾನು ಕಾವನ್ನು ಎಳೆಯುತ್ತದೆ. ಹಬೆ ಬರುತ್ತಿದ್ದರೆ, ಬೆಲ್ಟು ಹರಿದಿದ್ದರೆ, ನೀರು ಸುರಿಯುತ್ತಿದ್ದರೆ ಕೂಡಲೇ ಆಫ್ ಮಾಡಿ.

ಬಿಸಿಯಾದ ಮುಚ್ಚಳವನ್ನು ತೆರೆಯಬೇಡಿ. ಒಳಗಿರುವುದು ಕುಕ್ಕರಿನಂತೆ ಒತ್ತಡದಲ್ಲಿರುವ ನೀರು. ತೆರೆದ ಕ್ಷಣ ಕುದಿದು ಮುಖಕ್ಕೆ ಎರಚುತ್ತದೆ. ಮುಕ್ಕಾಲು ಗಂಟೆ ಬಿಡಿ. ಮೇಲಿನ ಹೋಸನ್ನು ಮುಟ್ಟಿ ನೋಡಿ, ಮೆತ್ತಗಾಗಿ ತಣಿದಿದ್ದರೆ ಮಾತ್ರ ದಪ್ಪ ಗೋಣಿಚೀಲ ಹಾಕಿ, ಮುಖ ತಿರುಗಿಸಿಕೊಂಡು, ಮುಚ್ಚಳವನ್ನು ಮೊದಲ ಹಂತದವರೆಗೆ ಸಡಿಲಿಸಿ. ಒತ್ತಡ ಹೋದ ಮೇಲೆ ತೆಗೆಯಿರಿ. ಕಾದ ಇಂಜಿನ್ನಿಗೆ ತಣ್ಣೀರು ಒಮ್ಮೆಗೇ ಸುರಿದರೆ ಹೆಡ್ ಬಿರುಕು ಬಿಡುತ್ತದೆ. ಇಂಜಿನ್ ಆರಿದ ಮೇಲೆ ಸ್ಟಾರ್ಟ್ ಮಾಡಿ, ನಿಧಾನವಾಗಿ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವಾಗಿ ಹಾಕಿ. ಯಾರಿಗಾದರೂ ಬಿಸಿನೀರು ತಗುಲಿದರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಶಾಯಿ, ಟೂತ್ ಪೇಸ್ಟ್ ಹಚ್ಚಬೇಡಿ.

ಈ ಮುಕ್ಕಾಲು ಗಂಟೆಯನ್ನು ಹಾಲಿಗಾಗಿ ಬಳಸಿಕೊಳ್ಳಿ. ನಿಲ್ಲಿಸಿದ ಕೂಡಲೇ ಕಾರ್ಯದರ್ಶಿಗಳಿಗೆ ಮತ್ತು ಶೀತಲ ಕೇಂದ್ರಕ್ಕೆ ಫೋನ್ ಮಾಡಿ, ಬೇರೆ ವಾಹನ ಸಿಗುತ್ತದೆಯೇ ಕೇಳಿ. ಸರಿಹೋದೀತು ಎಂದು ಒಂದು ಗಂಟೆ ಕಾದು ಆಮೇಲೆ ತಿಳಿಸುವುದರಿಂದಲೇ ಹೆಚ್ಚು ಹಾಲು ಕೆಡುತ್ತದೆ. ಕ್ಯಾನುಗಳನ್ನು ನೆರಳಿಗೆ ಇಳಿಸಿ, ಒದ್ದೆ ಗೋಣಿ ಹೊದಿಸಿ. ಮುಚ್ಚಳ ತೆರೆಯಬೇಡಿ. ಹಾಲಿಗೆ ಐಸನ್ನಾಗಲಿ, ಸೋಡವನ್ನಾಗಲಿ, ಬೇರೆ ಯಾವುದನ್ನಾಗಲಿ ಹಾಕಬೇಡಿ. ಅದು ಕಲಬೆರಕೆ, ಉಳಿದ ಒಳ್ಳೆಯ ಹಾಲಿಗೂ ಕೆಟ್ಟ ಹೆಸರು. ತಡವಾದ ಕ್ಯಾನುಗಳಿಗೆ ಗುರುತು ಹಾಕಿ, ಹೊಸ ಹಾಲಿನೊಂದಿಗೆ ಬೆರೆಸದೆ, ಕೇಂದ್ರದಲ್ಲಿ ಪ್ರತ್ಯೇಕ ಪರೀಕ್ಷೆಗೆ ಕೊಡಿ.

ಗೋಡೆಗೆ ಅಂಟಿಸಬಹುದಾದ ಪಟ್ಟಿ

ಪ್ರತಿದಿನ, ಸ್ಟಾರ್ಟ್ ಮಾಡುವ ಮುನ್ನ: ನೀರಿನ ಮಟ್ಟ, ಕೆಳಗೆ ಬಿದ್ದ ಹನಿ, ನೋಟ್ ಪುಸ್ತಕದ ಬರಹ.

ಪ್ರತಿವಾರ: ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು (ಸುಮಾರು ಅರ್ಧ ಅಂಗುಲ ತಗ್ಗಬೇಕು), ಹೋಸು, ಕ್ಲಿಪ್ಪು, ಆಯಿಲಿನ ಬಣ್ಣ.

ಪ್ರತಿ ತಿಂಗಳು: ರೇಡಿಯೇಟರಿನ ಹೊರಮುಖ ತೊಳೆಯುವುದು, ಮುಚ್ಚಳದ ರಬ್ಬರ್ ನೋಡುವುದು.

ಪ್ರತಿ ವರ್ಷ, ಫೆಬ್ರವರಿಯಲ್ಲಿ, ಬೇಸಿಗೆಗೆ ಮುಂಚೆ: ಥರ್ಮೋಸ್ಟಾಟ್ ಪರೀಕ್ಷೆ, ಬಜರ್ ಪರೀಕ್ಷೆ, ಅನುಮಾನವಿರುವ ಹೋಸ್ ಮತ್ತು ಬೆಲ್ಟ್ ಬದಲಾವಣೆ. ತೆಗೆದ ಬೆಲ್ಟು ಇನ್ನೂ ಚೆನ್ನಾಗಿದ್ದರೆ ಸೀಟಿನ ಕೆಳಗಿರಲಿ.

ಎರಡು ವರ್ಷಕ್ಕೊಮ್ಮೆ: ಕೂಲೆಂಟ್ ಬದಲಾವಣೆ.

ಸಂಘಗಳು ಮಾಡಬಹುದಾದದ್ದು

ಸಾಗಣೆಯ ದರವನ್ನು ಎಷ್ಟು ಕಡಿಮೆ ಮಾಡಬಹುದೆಂದು ಚರ್ಚಿಸುವಾಗ ವ್ಯಾನಿನ ಸ್ಥಿತಿಯನ್ನೂ ಚರ್ಚಿಸಬೇಕು. ತೀರ ಕಡಿಮೆ ಬಾಡಿಗೆಗೆ ಒಪ್ಪಿದ ಮಾಲೀಕ ರೇಡಿಯೇಟರಿಗೆ ಖರ್ಚು ಮಾಡಲಾರ. ಆ ಉಳಿತಾಯ ಒಂದು ಬೇಸಿಗೆಯ ಬೆಳಿಗ್ಗೆ ಹುಳಿ ಹಾ​ಲಾಗಿ ಸದಸ್ಯರ ಮೇಲೆಯೇ ಬೀಳುತ್ತದೆ. ಕರಾರಿನಲ್ಲಿ ಎರಡು ಸಾಲು ಸೇರಿಸಿ: ಫೆಬ್ರವರಿಯ ತಪಾಸಣೆ ಕಡ್ಡಾಯ, ನೀರಿನ ಪುಸ್ತಕವನ್ನು ತಿಂಗಳಿಗೊಮ್ಮೆ ಕಾರ್ಯದರ್ಶಿ ನೋಡಿ ಸಹಿ ಹಾಕುವುದು. ಒಂದೇ ಮಾರ್ಗದ ಮೂರು ನಾಲ್ಕು ಸಂಘಗಳು ಸೇರಿ, ಕೆಟ್ಟ ದಿನ ಬರಲು ಒಪ್ಪಿದ ಇನ್ನೊಂದು ವಾಹನದ ಫೋನ್ ನಂಬರನ್ನು ಚಾಲಕನ ಎದುರಿಗೆ ಅಂಟಿಸಿಡುವುದು ಇನ್ನೂ ಒಳ್ಳೆಯದು.

ಅಭ್ಯಾಸಕ್ಕೆ ಪ್ರಶ್ನೆಗಳು

1) ನಿಮ್ಮ ವ್ಯಾನು ಕಳೆದ ವಾರ ಎಷ್ಟು ನೀರು ಕುಡಿಯಿತು? ಅದು ಎಲ್ಲಿ ಹೋಯಿತು?

2) ಕಡೂರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಮುಂಚೆಯೇ ಏಕೆ ಕುದಿಯುತ್ತದೆ? ರೇಡಿಯೇಟರಿನ ಮುಚ್ಚಳ ಇದನ್ನು ಹೇಗೆ ಸರಿಪಡಿಸುತ್ತದೆ?

3) ಥರ್ಮೋಸ್ಟಾಟ್ ತೆಗೆದ ಮೇಲೆ ಕೆಲವು ಇಂಜಿನ್‌ಗಳು ಹೆಚ್ಚು ಕಾಯುವುದೇಕೆ?

4) ಹಳೆಯ ಕೂಲೆಂಟನ್ನು ಕೊಟ್ಟಿಗೆಯ ಬಳಿ ಏಕೆ ಚೆಲ್ಲಬಾರದು?

5) ವ್ಯಾನು ನಿಂತ ಮೊದಲ ಐದು ನಿಮಿಷದಲ್ಲಿ ಹಾಲಿಗಾಗಿ ಮಾಡಬೇಕಾದ ಕೆಲಸಗಳೇನು?

ಈ ಪ್ರಶ್ನೆಗಳನ್ನು ಮುಂದಿನ ಆಡಳಿತ ಮಂಡಳಿ ಸಭೆಗೆ ಚಾಲಕರನ್ನೂ ಕರೆದು ಚರ್ಚಿಸಿರಿ. ಮೊದಲ ಪ್ರಶ್ನೆಗೆ ಉತ್ತರ ಗೊತ್ತಿಲ್ಲವೆಂದಾದರೆ ನಾಳೆ ಬೆಳಿಗ್ಗೆಯೇ ನೋಟ್ ಪುಸ್ತಕ ತೆರೆಯಿರಿ.